ಕಲೀನಾಳ ಕರೆಯೋಲೆ

ಹಿಂದಿನ ಭಾನುವಾರವೇ ತಾನೊಬ್ಬನೇ ಹೋಗಿ, ಇವತ್ತು ತೋರಿಸಲಿರುವ ಮ್ಯೂಸಿಯಮ್ಮುಗಳನ್ನೆಲ್ಲ ಒಮ್ಮೆ ನೋಡಿಕೊಂಡು ಬಂದಿದ್ದೇನೆಂದು ಮಗಳಿಗೆ ಹೇಳಬಾರದು ಎಂದು ಜೆನೊನ್ ನಿರ್ಧರಿಸಿದ್ದ. ಕ್ರಾಕೊವ್‌ನಲ್ಲಿ ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು. ದೇಶವಿದೇಶದವರನ್ನು ಕೋಟೆಯ ಬುಡಕ್ಕೆ, ಮ್ಯೂಸಿಯಮ್ಮಿನ ಬೀದಿಗೆ ತಂದು ಇಳಿಸಿ, ಗಂಟೆ ಬಾರಿಸಿ ಮುಂದೆ ಹೋದವನು. ಒಂದರ ಒಳಗೂ ಕಾಲಿಟ್ಟವನಲ್ಲ. ಮಗಳೆದುರು ದಾರಿ ತಪ್ಪಿ ಪೆದ್ದನಂತೆ ನಿಲ್ಲಬಾರದೆಂದು ಆ ಭಾನುವಾರ ಯಾವ ಚಿತ್ರ ಯಾವ ಕೋಣೆಯಲ್ಲಿದೆ, ಎಲ್ಲಿ ಕೂರಲು ಬೆಂಚಿದೆ, ಯಾವ ಮೆಟ್ಟಿಲು ಜಾರುತ್ತದೆ ಎಂದೆಲ್ಲ ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ವಾರವಿಡೀ ಪರೀಕ್ಷೆಗೆ ಕೂರುವವನ ಹಾಗೆ ಉರುಹೊಡೆದಿದ್ದ. ಈಗ ರೈಲು ನಿಲ್ದಾಣದಲ್ಲಿ ನಿಂತಿದ್ದಾಗ ಹೊಸ ಷೂ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಆಗಸ್ಟಿನಲ್ಲಿ ಮಗಳ ಮದುವೆಗೆಂದು ಕೊಂಡ ಷೂ. ಅಷ್ಟರಲ್ಲಿ ಪಳಗಲಿ ಎಂದು ಹಾಕಿಕೊಂಡು ಬಂದಿದ್ದ. ಕಲೀನಾ ಫೋನಿನಲ್ಲಿ ಹೇಳಿದ್ದು ಇಷ್ಟೇ: ಮದುವೆಯ ವಿಷಯ ಒಂದಿದೆ, ಎದುರು ಕೂತು ಹೇಳಬೇಕು. ಏನೆಂದು ಅವನು ಕೇಳಿರಲಿಲ್ಲ. ಕೇಳುವುದೇನಿದೆ? ಮದುವೆಯ ದಿನ ಚರ್ಚಿಗೆ ಹೊರಡುವ ಮುನ್ನ ಹೆಣ್ಣಿನ ಮನೆಯಲ್ಲಿ ಹುಡುಗ ಹುಡುಗಿ ಮಂಡಿಯೂರುತ್ತಾರೆ, ಹೆತ್ತವರು ಪವಿತ್ರ ಜಲ ಚಿಮುಕಿಸಿ, ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ, ನಾಲ್ಕು ಮಾತು ಹೇಳಿ ಹರಸುತ್ತಾರೆ. ಆ ನಾಲ್ಕು ಮಾತು ಹೇಳಲು ಅಪ್ಪ ಬೇಕು. ಅದನ್ನು ಕೇಳಲೆಂದೇ ಅವಳು ಬರುತ್ತಿದ್ದಾಳೆ. ಇಪ್ಪತ್ತಮೂರು ವರ್ಷ ಬೇರೊಬ್ಬರ ಮನೆಯಲ್ಲಿ ಬೆಳೆದಿದ್ದರೇನು, ರಕ್ತ ರಕ್ತವೇ ಎಂದು ಅವನು ಮೂರು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ನಾಲ್ಕು ಮಾತನ್ನೂ ಬರೆದಿಟ್ಟುಕೊಂಡಿದ್ದ.

ತಾರ್ನೂವ್‌ನಿಂದ ಬರುವ ರೈಲು. ಒಂದು ಗಂಟೆಯ ದಾರಿ. ಆ ಒಂದು ಗಂಟೆಯನ್ನು ಇಷ್ಟು ವರ್ಷಗಳಲ್ಲಿ ತಾನು ಎಷ್ಟು ಸಲ ದಾಟಿದ್ದೇನೆಂದು ಎಣಿಸಲು ಹೋದರೆ ಎರಡು ಕೈ ಬೆರಳೂ ಮುಗಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದರಿಂದ ಎಣಿಸಲಿಲ್ಲ. ಕೈಯಲ್ಲಿ ಮೂರು ಹೂವಿತ್ತು. ಕೊಂಡಾಗ ಐದು. ಟ್ರಾಮಿನಲ್ಲಿ ಯಾವನೋ ಮೊಣಕೈ ತಗಲಿಸಿ ಒಂದರ ಕತ್ತು ಮುರಿದ. ಉಳಿದದ್ದು ನಾಲ್ಕು, ಸಮಸಂಖ್ಯೆಯ ಹೂ ಸಮಾಧಿಗೆ ಇಡುವುದು, ಮದುಮಗಳ ಕೈಗೆ ಕೊಡುವುದಲ್ಲ. ಚೆನ್ನಾಗಿಯೇ ಇದ್ದ ಇನ್ನೊಂದನ್ನು ನಿಲ್ದಾಣದ ಕಸದ ಡಬ್ಬಿಗೆ ಹಾಕಿ, ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದ್ದ. ಕಲೀನಾ ಇಳಿದಳು. ನೀಲಿ ಕೋಟು, ಹೆಗಲಿಗೆ ದೊಡ್ಡ ಬಟ್ಟೆಯ ಚೀಲ. ಕೆನ್ನೆಗೆ ಕೆನ್ನೆ ತಾಗಿಸಿದಳು. ಹೂವಿನ ಕತೆಯನ್ನು ಹೇಳಬಾರದೆಂದುಕೊಂಡೇ ಹೇಳಿಬಿಟ್ಟ. ಅವಳು ನಕ್ಕು, ಇನ್ನೂ ಎರಡು ಮುರಿದಿದ್ದರೆ ಒಂದೇ ಹೂ ಹಿಡಿದು ನಿಂತಿರುತ್ತಿದ್ದಿರಿ, ನೋಡಿದವರು ನನ್ನನ್ನೇ ಮದುವೆ ಮಾಡಿಕೊಳ್ಳಲು ಬಂದ ಮುದುಕ ಅಂದುಕೊಳ್ಳುತ್ತಿದ್ದರು ಎಂದಳು. ಅವಳ ನಗು ಅಮ್ಮನದು. ಬೊಜೆನಾ ಕೂಡ ಹೀಗೆಯೇ ಮೊದಲು ಭುಜ ಕುಣಿಸಿ ಆಮೇಲೆ ನಗುತ್ತಿದ್ದಳು. ಇವನು ಮನೆ ಬಿಟ್ಟು ಇನ್ನೊಬ್ಬಳ ಹಿಂದೆ ಹೋದ ವರ್ಷ ಆ ಭುಜ ಕುಣಿಯುವುದು ನಿಂತಿತ್ತು. ಆ ಇನ್ನೊಬ್ಬಳ ಜೊತೆಗಿನ ಬಾಳು ಎರಡು ಚಳಿಗಾಲ ಕೂಡ ನಡೆಯಲಿಲ್ಲ. ತಾರ್ನೂವ್‌ನಲ್ಲಿ ಔಷಧದ ಅಂಗಡಿ ಇಟ್ಟಿದ್ದ ತದೇವುಶ್ ಬೊಜೆನಾಳನ್ನು ಮದುವೆಯಾದ. ಮಗುವನ್ನೂ ಸಾಕಿದ.

ಮನೆಗೆ ಕರೆಯಬಹುದಿತ್ತು. ಒಂದೇ ಕೋಣೆಯ ಮನೆ, ಕುರ್ಚಿಯೂ ಒಂದೇ. ಅದಕ್ಕಿಂತ ಹೆಚ್ಚಾಗಿ, ಎದುರು ಬದುರು ಕೂತರೆ ಕಣ್ಣನ್ನು ಎಲ್ಲಿ ಇಡುವುದು? ಊರು ತೋರಿಸುತ್ತೇನೆ ಬಾ ಎಂದು ಹೇಳಿದ್ದು ಅದಕ್ಕೇ. ನೋಡಲು ಏನಾದರೂ ಇದ್ದರೆ ಇಬ್ಬರೂ ಅದನ್ನೇ ನೋಡುತ್ತ ಮಾತಾಡಬಹುದು. ದೊಡ್ಡ ಚೌಕಕ್ಕೆ ಬಂದಾಗ ಹನ್ನೊಂದು ಹೊಡೆಯಿತು. ಚರ್ಚಿನ ಗೋಪುರದ ಕಿಟಕಿ ತೆರೆಯಿತು, ಕಹಳೆ ಊದಿದರು, ಎಂದಿನಂತೆ ರಾಗ ನಡುವೆಯೇ ಕಡಿಯಿತು. ಕಲೀನಾ ತಲೆಯೆತ್ತಿ ಕೈ ಬೀಸಿದಳು; ಮೇಲಿನಿಂದ ಕಹಳೆಯವನೂ ಬೀಸಿದ. ನನಗೇ ಬೀಸಿದ್ದು, ನಿನಗಲ್ಲ, ಎಂದು ಹೆಗಲ ಮೇಲೆ ಕೂತು ಅವನ ಕಿವಿ ಹಿಂಡುತ್ತಿದ್ದ ಮೂರು ವರ್ಷದವಳು ಎಲ್ಲಿ ಹೋದಳು? ಆ ತೂಕ ಈಗಲೂ ಕತ್ತಿನಲ್ಲಿದೆ. ಈಗ ಹೇಳುತ್ತಾಳೆ, ಈಗಲೇ ಕೇಳುತ್ತಾಳೆ ಎಂದು ಅವನು ಸುಮ್ಮನೆ ಕಾದ. ಅವಳು ಪಾರಿವಾಳಗಳನ್ನು ನೋಡುತ್ತ, ಚೀಲದ ಪಟ್ಟಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಅವಸರವೇನು ಎಂದು ಸಮಾಧಾನ ಮಾಡಿಕೊಂಡು ಚಿತ್ರಗಳ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ.

ಮೊದಲ ಎರಡು ಕೋಣೆಗಳಲ್ಲಿ ಚೆನ್ನಾಗಿಯೇ ನಡೆಯಿತು. ಈ ಕುದುರೆಗಳ ಕಣ್ಣು ನೋಡು, ಚಿತ್ರಕಾರ ಒಂದು ಚಳಿಗಾಲವಿಡೀ ಲಾಯದಲ್ಲೇ ಮಲಗಿ ಬರೆದನಂತೆ ಎಂದು, ಹೋದ ವಾರ ಯಾವುದೋ ಪ್ರವಾಸಿ ಗುಂಪಿನ ಹಿಂದೆ ನಿಂತು ಕದ್ದು ಕೇಳಿದ್ದನ್ನು ತನ್ನದೇ ತಿಳಿವಳಿಕೆ ಎಂಬಂತೆ ಹೇಳಿದ. ಕಲೀನಾ ತಲೆಯಾಡಿಸುತ್ತ ಕೇಳಿದಳು. ಅವನ ಎದೆ ಉಬ್ಬಿತು. ಮೂರನೆಯ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ಹೆಂಗಸು ಹೆಣಿಗೆಯಿಂದ ಕಣ್ಣೆತ್ತಿ, "ಮತ್ತೆ ಬಂದ್ರಾ? ಹೋದ ವಾರ ಎಲ್ಲಾ ಬರ್ಕೊಂಡು ಹೋಗಿದ್ರಲ್ಲ, ಇವತ್ತು ಪುಸ್ತಕ ಎಲ್ಲಿ?" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಪುಸ್ತಕ ಅವನ ಎದೆಯ ಜೇಬಿನಲ್ಲಿತ್ತು. ಕಿವಿಯ ತುದಿ ಬಿಸಿಯಾಗಿ, ಯಾರೋ ಬೇರೆಯವರು ಇರಬೇಕು ಎಂದು ತೊದಲಿ, ಆ ಸುಳ್ಳು ಇನ್ನೂ ನಾಚಿಕೆಗೇಡು ಅನ್ನಿಸಿ ಗೋಡೆಯ ಕಡೆ ತಿರುಗಿದ. ಅರುವತ್ತು ದಾಟಿದ ಗಂಡಸು, ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಶಾಲೆಯ ಹುಡುಗನಾಗಿದ್ದ. ಕಲೀನಾ ಪಕ್ಕಕ್ಕೆ ಬಂದು, ಅವನ ತೋಳಿನೊಳಗೆ ತೋಳು ಸೇರಿಸಿ, "ಆ ದೊಡ್ಡ ಚಿತ್ರದಲ್ಲಿ ಬಿಳೀ ಕುದುರೆ ಯಾರದು ಅಪ್ಪ? ಹೇಳಿ," ಎಂದಳು. ಅವನು ಹೇಳಿದ. ದನಿ ಒಡೆಯಿತು, ಆದರೂ ಕೊನೆಯವರೆಗೆ ಹೇಳಿದ. ಇಂಥ ಮಗಳನ್ನು ಬೆಳೆಸಿದವರು ಯಾರು ಎಂಬ ಪ್ರಶ್ನೆ ಅಲ್ಲೇ ಒಮ್ಮೆ ತಲೆ ಹಾಕಿತು. ಅವನು ಅದನ್ನು ಮುಂದಿನ ಕೋಣೆಯಲ್ಲಿ ಬಿಟ್ಟುಬಂದ.

ಎರಡನೆಯದು ಹಳೆಯ ಶ್ರೀಮಂತರ ಮನೆ, ಈಗ ಮ್ಯೂಸಿಯಮ್ಮು. ಅಲ್ಲಿ ಮರದ ನೆಲ ಹಾಳಾಗಬಾರದೆಂದು ಷೂ ಮೇಲೆ ಉಣ್ಣೆಯ ದೊಡ್ಡ ಚಪ್ಪಲಿ ಕಟ್ಟಿಕೊಂಡೇ ಒಳಗೆ ಹೋಗಬೇಕು. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಎರಡು ಜೊತೆ ಸಿಕ್ಕರೂ ನಾಲ್ಕೂ ಎಡಗಾಲಿನವೇ ಎನ್ನುವಂತಿದ್ದವು. ಇವಕ್ಕೆ ಎಡ ಬಲ ಇಲ್ಲ ಎಂದು ಯಾರೋ ನಕ್ಕರು. ಮಗಳಿಗೆ ದಾರ ಗಟ್ಟಿಯಿರುವ ಜೊತೆಯನ್ನೇ ಹುಡುಕಿ, ಎತ್ತಿಕೊಂಡು ಕಂಬ ಸುತ್ತಿ ಬರುವಾಗ ಅವಳು ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೂಂ ಅಪ್ಪಾ, ತಿಂದೆ. ಇಲ್ಲ, ಇನ್ನೂ ಹೇಳಿಲ್ಲ. ಬಾಯೇ ಬರ್ತಿಲ್ಲ ಅಪ್ಪಾ, ಪಾಪ, ಎಷ್ಟು ಖುಷಿಯಾಗಿದಾರೆ ಗೊತ್ತಾ. ನೀನು ಚಿಂತೆ ಮಾಡ್ಬೇಡ, ಹೇಳ್ತೀನಿ." ಜೆನೊನ್ ಉಣ್ಣೆಯ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡು ನಿಂತ. ಅವಳು ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುತ್ತಾಳೆಂದೇ ಅವನು ತಿಳಿದಿದ್ದ. ತನ್ನ ಮುಂದೆ ಯಾವಾಗಲೂ ತದೇವುಶ್ ಎಂದೇ ಅನ್ನುತ್ತಿದ್ದಳು. ತನಗೆ ನೋಯಬಾರದೆಂದು ಹಾಗೆ ಅನ್ನುತ್ತಿದ್ದಳೋ ಏನೋ. ಅಪ್ಪಾ ಎಂದ ದನಿ ಎಷ್ಟು ಸಲೀಸಾಗಿತ್ತು. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಕೆಮ್ಮಿ, ಹೊಸದಾಗಿ ಬಂದವನಂತೆ ಬಂದ.

ಕನ್ನಡಿಯಂಥ ನೆಲದ ಮೇಲೆ ಇಬ್ಬರೂ ಕಾಲೆಳೆಯುತ್ತ ನಡೆದರು. ಉಣ್ಣೆ ಜಾರುತ್ತಿತ್ತು. ಕಲೀನಾ ಒಮ್ಮೆ ಸೊಂಯ್ಯನೆ ಜಾರಿ ಅವನ ಕೈ ಹಿಡಿದಳು. ಹಿಂದಿನಿಂದ ಬಂದ ಕಾವಲಿನವಳು ಗದರಿದಳು. ಇಬ್ಬರೂ ಬಾಯಿ ಮುಚ್ಚಿ ನಕ್ಕರು. ಅವನಿಗೆ ಹಳೆಯ ಮನೆಯ ನೆಲ ನೆನಪಾಯಿತು. ಈಸ್ಟರಿಗೆ ಮುಂಚೆ ಮೇಣ ಹಚ್ಚಿ ಉಜ್ಜುವಾಗ ಹಳೆಯ ಕಂಬಳಿಯ ಮೇಲೆ ಮಗುವನ್ನು ಕೂರಿಸಿ ಕೋಣೆಯ ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದ. ಮಗುವಿನ ಭಾರಕ್ಕೆ ನೆಲ ಹೊಳೆಯುತ್ತಿತ್ತು. ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಎಂದು ಮಗು ಹಟ ಹಿಡಿಯುತ್ತಿತ್ತು. ಅದು ಕೊನೆಯ ಸಲ ಎಂದು ಯಾವ ಸಲವೂ ಗೊತ್ತಾಗಲಿಲ್ಲ. ಏನನ್ನು ಹೇಳಲು ಬಾಯಿ ಬರುತ್ತಿಲ್ಲ ಇವಳಿಗೆ? ಮದುವೆ ಮುಂದೆ ಹೋಯಿತೇ? ಮದುಮಗ ಕೂಬಾನ ಮನೆಯವರ ಕಡೆಯಿಂದ ಏನಾದರೂ ತೊಂದರೆಯೇ? ಗೊತ್ತಿದ್ದ ಉತ್ತರವನ್ನು ಬಿಟ್ಟು ಉಳಿದ ಎಲ್ಲವನ್ನೂ ಅವನು ಯೋಚಿಸಿದ. ಪಿಂಗಾಣಿಯ ಬಟ್ಟಲುಗಳ ಮುಂದೆ ಅವಳು, "ಅಪ್ಪ, ನಾನು ಬಂದಿದ್ದು..." ಎಂದು ಶುರು ಮಾಡಿದಾಗ, ಈ ಬಟ್ಟಲುಗಳನ್ನು ಯುದ್ಧದ ಕಾಲದಲ್ಲಿ ಅಡುಗೆಯವಳು ಹಿಟ್ಟಿನ ಪೀಪಾಯಿಯಲ್ಲಿ ಹೂತಿಟ್ಟು ಉಳಿಸಿದಳಂತೆ ಎಂದು ದನಿ ಏರಿಸಿ ಹೇಳತೊಡಗಿದ. ಅವಳು ಬಟ್ಟಲುಗಳ ಕಡೆ ತಿರುಗಿದಳು.

ಊಟಕ್ಕೆ ಹಾಲಿನಂಗಡಿ ಎಂದೇ ಕರೆಯುವ ಅಗ್ಗದ ಊಟದ ಮನೆಗೆ ಹೋದರು. ಮೂವತ್ತು ವರ್ಷದಿಂದ ಅವನು ಉಣ್ಣುತ್ತಿದ್ದ ಜಾಗ. ಅಲ್ಲಾದರೂ ಅವನಿಗೆ ಚೀಟಿ ಬೇಕಿರಲಿಲ್ಲ. ಕಿಟಕಿಯಿಂದ ತಟ್ಟೆ ಸಿದ್ಧವೆಂದು ಕೂಗಿದಾಗ ತಾನೇ ತರುತ್ತೇನೆಂದು ಕಲೀನಾ ಎದ್ದುಹೋದಳು. ಪಕ್ಕದ ಮೇಜಿನವನು ಬೀಟ್‌ರೂಟ್ ಸಾರಿನ ಬಟ್ಟಲು ಹಿಡಿದು ತೂರಾಡುತ್ತ ಬರುತ್ತಿದ್ದ. ಮಗಳ ಚೀಲಕ್ಕೆ ಕೆಂಪು ಚೆಲ್ಲೀತೆಂದು ಜೆನೊನ್ ಅದನ್ನು ಕುರ್ಚಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಚೀಲ ಬಾಯಿ ಬಿಟ್ಟಿತು. ಒಳಗೆ ದಪ್ಪ ಕೆನೆಬಣ್ಣದ ಲಕೋಟೆ, ಅದರ ಮೇಲೆ ದುಂಡು ಅಕ್ಷರಗಳಲ್ಲಿ: ಶ್ರೀ ಜೆನೊನ್ ವಿಲ್ಕ್ ಮತ್ತು ಜೊತೆಗಾರರು. ಅವನು ಅದನ್ನು ಮುಟ್ಟಲಿಲ್ಲ. ಎರಡು ಸಲ ಓದಿದ. ಮದುವೆಗೆ ಮೊದಲು ಮನೆಮನೆಗೂ ಹೋಗಿ ಕೈಯಾರೆ ಪತ್ರಿಕೆ ಕೊಟ್ಟು ಕರೆಯುವುದು ವಾಡಿಕೆ: ಚಿಕ್ಕಪ್ಪಂದಿರು, ಅತ್ತೆಯರು, ಕೆಲಸದ ಜಾಗದವರು, ನೆರೆಯವರು. ಹೆತ್ತವರಿಗೆ ಯಾರೂ ಪತ್ರಿಕೆ ಕೊಡುವುದಿಲ್ಲ. ಕರೆಯುವವರೇ ಅವರಲ್ಲವೇ? ಪತ್ರಿಕೆ ಪಡೆದವನು ನೆಂಟ. ನೆಂಟ ಚರ್ಚಿಗೆ ನೇರವಾಗಿ ಬರುತ್ತಾನೆ, ಹೆಸರು ಬರೆದ ಕುರ್ಚಿಯಲ್ಲಿ ಕೂರುತ್ತಾನೆ, ಉಂಡು ಹೋಗುತ್ತಾನೆ. ಅದಕ್ಕೂ ಮುಂಚೆ, ಮನೆಯೊಳಗೆ, ಮಗಳು ಮಂಡಿಯೂರುವಾಗ ಅವನಿಗೆ ಅಲ್ಲಿ ಕೆಲಸವಿಲ್ಲ. ಜೊತೆಗಾರರು ಎಂಬ ಮಾತು ಬೇರೆ. ತನಗೆ ಯಾರೂ ಇಲ್ಲವೆಂದು ಅವಳಿಗೆ ಗೊತ್ತು. ಒಂಟಿ ಎಂದು ಬರೆಯಲು ಮನಸ್ಸು ಬಂದಿರಲಿಕ್ಕಿಲ್ಲ.

ಸಿಟ್ಟು ಬಂತು. ಬೊಜೆನಾಳ ಮೇಲೆ, ಆ ಔಷಧದ ಅಂಗಡಿಯವನ ಮೇಲೆ, ಕಡೆಗೆ ತೂರಾಡುತ್ತ ಸಾರು ಹೊತ್ತು ಬಂದವನ ಮೇಲೆ ಕೂಡ. ಆದರೆ ಸಿಟ್ಟಿಗೆ ನಿಲ್ಲಲು ನೆಲವೇ ಸಿಗಲಿಲ್ಲ. ಇವಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಪಡೆದ ದಿನ ಅವನು ತಾರ್ನೂವ್‌ಗೆ ಹೋಗಿದ್ದ, ಜೇಬಿನಲ್ಲಿ ಪುಟ್ಟ ಕೈಗಡಿಯಾರ. ತಡವಾಗಿತ್ತು. ಚರ್ಚಿನ ಬಾಗಿಲು ತೆರೆದೇ ಇತ್ತು. ಹೊರಗಿನ ಸೇಬಿನ ಮರದ ಕೆಳಗೆ ನಿಂತು, ಬಿಳಿ ಉಡುಪಿನ ಮಕ್ಕಳ ಸಾಲಿನಲ್ಲಿ ಯಾವುದು ತನ್ನದೆಂದು ಗುರುತಿಸಲು ನೋಡಿದ. ಗುರುತು ಸಿಗಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆಯಾಗಿ ಮುಂದಿನ ರೈಲಿಗೆ ವಾಪಸಾದ. ಆ ದಿನ ಅವಳ ಜಡೆಗೆ ಹೂ ಮುಡಿಸಿದವರು ಯಾರು? ಜ್ವರ ಬಂದಾಗ ಅಂಗಡಿ ಮುಚ್ಚಿ ಪಕ್ಕದಲ್ಲಿ ಕೂತವರು ಯಾರು? ಹೆತ್ತವನೊಬ್ಬ, ಹೊತ್ತವನೊಬ್ಬ. ಕಲೀನಾ ಬಿಸಿ ಪಿಯೆರೋಗಿ ಕಡುಬಿನ ತಟ್ಟೆ, ಹಣ್ಣಿನ ಪಾನಕದ ಲೋಟಗಳನ್ನು ಸಮತೂಕ ಮಾಡಿಕೊಂಡು ಬಂದಳು. ಚೀಲ ಮತ್ತೆ ಕುರ್ಚಿಯ ಮೇಲಿತ್ತು. ಚೆನ್ನಾಗಿದೆಯೇ ಎಂದು ಕೇಳಿದಳು. ಚೆನ್ನಾಗಿದೆ ಎಂದ. ಕಡುಬನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕೂತ.

ಮಧ್ಯಾಹ್ನವೆಲ್ಲ ಅವನು ಮಾತು ನಿಲ್ಲಿಸಲಿಲ್ಲ. ಕೋಟೆಯ ಅಂಗಳ, ರಾಜರ ಗೋರಿಗಳು, ಗಂಟೆ, ಹೊಳೆಯ ದಂಡೆ. ಪುಸ್ತಕದಲ್ಲಿ ಬರೆದುಕೊಂಡದ್ದು ಮುಗಿದ ಮೇಲೆ ಟ್ರಾಮ್ ದಾರಿಗಳ ಕತೆ ತೆಗೆದ. ಅವಳು ಬಾಯಿ ತೆರೆದಾಗಲೆಲ್ಲ ಒಂದು ಕಟ್ಟಡವನ್ನು ಅಡ್ಡ ತಂದ. ಹೇಳದೇ ಇದ್ದರೆ ಆಗಿಯೇ ಇಲ್ಲ ಎಂಬಂತೆ. ಕೊನೆಗೆ ಹೊಳೆಯ ಬದಿಯ ಬೆಂಚಿನಲ್ಲಿ ಕೂತು ಷೂ ಬಿಚ್ಚಿದಾಗ ಹಿಮ್ಮಡಿಯ ಕಾಲುಚೀಲಕ್ಕೆ ರಕ್ತ ಅಂಟಿತ್ತು. ಕಲೀನಾ ಅದನ್ನು ನೋಡಿದಳು. ಬೆಳಿಗ್ಗೆಯಿಂದ ಈ ಕಾಲಿನಲ್ಲೇ ನಡೆದಿರಾ, ಇದು ಹೊಸ ಷೂ ಅಲ್ಲವೇ ಎಂದು ಕೇಳಿದಳು. ಮದುವೆಗೆ ಕೊಂಡದ್ದು, ಮಂಡಿಯೂರುವವರ ಎದುರು ಹಳೆಯ ಷೂ ಕಾಣಬಾರದಲ್ಲ ಎಂದು ಅವನು ಹೇಳಿದ. ಬೇಕೆಂದೇ ಹೇಳಿದನೋ, ಬಾಯಿ ತಪ್ಪಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಅವಳ ಮುಖ ಸಣ್ಣದಾಯಿತು. ಹೊಳೆಯ ಕಡೆ ತಿರುಗಿ, "ಅಮ್ಮನ ಹತ್ರ ಮಾತಾಡ್ತೀನಿ. ಆಶೀರ್ವಾದಕ್ಕೆ ನೀವೇ ನಿಂತ್ಕೊಳ್ಳಿ ಅಪ್ಪ. ತದೇವುಶ್‌ಗೆ ನಾನು ಹೇಳ್ತೀನಿ. ಅವರಿಗೆ ಅರ್ಥ ಆಗತ್ತೆ," ಎಂದಳು.

ಬೇಕಾದ್ದು ಬಂದು ಕೈಯಲ್ಲಿ ಬಿದ್ದಿತ್ತು. ಸುಮ್ಮನೆ ಹೂಂ ಅಂದರೆ ಸಾಕು. ಅವನು ಷೂ ದಾರ ಕಟ್ಟುತ್ತ ಬಗ್ಗಿಯೇ ಇದ್ದ. ಆಸೆಯಾಯಿತು, ತುಂಬ ಆಸೆಯಾಯಿತು. ನಿಲ್ದಾಣದವರೆಗೂ ಆ ಆಸೆಯೊಂದಿಗೇ ಕುಂಟುತ್ತ ನಡೆದ. ದೊಡ್ಡವರ ವಸ್ತುವನ್ನು ಒಡೆದ ಮಗು ನಡೆಯುತ್ತದಲ್ಲ, ಹಾಗೆ ಅವಳು ಪಕ್ಕದಲ್ಲಿ ನಡೆಯುತ್ತಿದ್ದಳು. ಅವಳು ಮನೆಗೆ ಹೋಗಿ ಆ ಮನುಷ್ಯನ ಎದುರು ಕೂತು ಹೇಳುವುದನ್ನು ಜೆನೊನ್ ಕಂಡ. ಆ ಮನುಷ್ಯ ಪರವಾಗಿಲ್ಲ ಮಗಳೇ ಎನ್ನುವುದನ್ನೂ, ಎದ್ದು ಸುಮ್ಮನೆ ಅಂಗಡಿಯ ಕೋಣೆಗೆ ಹೋಗುವುದನ್ನೂ ಕಂಡ. ಅವನೂ ನಾಲ್ಕು ಮಾತು ಬರೆದಿಟ್ಟುಕೊಂಡಿರಬಹುದು. ಹೀಗೆ ಸಿಕ್ಕಿದ್ದನ್ನು ಹಿಡಿದು ಮಗಳ ಹಣೆ ಮುಟ್ಟಲು ಕೈ ಏಳುತ್ತದೆಯೇ? ಒಮ್ಮೆ ಬಿಟ್ಟುಹೋಗಿ ಅವಳನ್ನು ಅಳಿಸಿದ್ದಾಯಿತು. ಈಗ ಬಂದೂ ಅಳಿಸಬೇಕೇ?

ರೈಲು ಬಂದು ನಿಂತಿತ್ತು. ಹೊರಡಲು ಹನ್ನೆರಡು ನಿಮಿಷವಿತ್ತು. ಕಲೀನಾ ಮೆಟ್ಟಿಲಿಗೆ ಕಾಲಿಡುವಾಗ ಅವನು ಅವಳ ತೋಳು ಹಿಡಿದ.

"ಬಂದ ಕೆಲ್ಸ ಮುಗಿಸ್ದೆ ಹೊರಟ್ಯಲ್ಲ."

ಯಾವ ಕೆಲಸ ಎಂದು ಅವಳು ಕೇಳಿದಳು. ಚೀಲದಲ್ಲಿರುವುದು, ಊಟದ ಹೊತ್ತಿನಲ್ಲಿ ಕಣ್ಣಿಗೆ ಬಿತ್ತು ಎಂದ. ಅವಳ ಮುಖ ಕೆಂಪೇರಿ ಕಣ್ಣು ತುಂಬಿತು. "ಅದನ್ನ ಹರಿದು ಹಾಕ್ತೀನಿ ಅಪ್ಪ. ಆಗ್ಲೇ ಹೇಳಿದ್ನಲ್ಲ, ಬೇಡ ಅದು."

"ಹೆಸರು ಬರೆದ ಪತ್ರಿಕೆ ಹರೀತಾರೇನೆ ಹುಚ್ಚಿ? ಊರಿಗೆಲ್ಲ ಬಾಯ್ತುಂಬ ಕರೆದು ಬಂದಿದೀಯ, ನನಗೊಬ್ಬನಿಗೆ ಯಾಕೆ ಜುಗ್ಗತನ? ನೆಟ್ಟಗೆ ನಿಂತ್ಕೊಂಡು ಕರೀ."

ಅವನು ಟೋಪಿ ತೆಗೆದ. ಅಂಗಿಯ ಗುಂಡಿ ಹಾಕಿಕೊಂಡು, ನೋಯುವ ಕಾಲಿನ ಮೇಲೂ ಭಾರ ಬಿಟ್ಟು, ನೆಂಟರು ತಮ್ಮ ಮನೆಯ ಹೊಸ್ತಿಲ ಒಳಗೆ ನಿಲ್ಲುವಂತೆ ನೇರವಾಗಿ ನಿಂತ. ಜನ ಪೆಟ್ಟಿಗೆ ಎಳೆಯುತ್ತ ಅವರನ್ನು ಬಳಸಿ ಹೋಗುತ್ತಿದ್ದರು. ಕಲೀನಾ ಲಕೋಟೆ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಆಗಸ್ಟ್ ಹದಿನೆಂಟು, ಶನಿವಾರ, ಸಂಜೆ ನಾಲ್ಕಕ್ಕೆ, ನಾನೂ ಕೂಬಾನೂ ನಿಮ್ಮನ್ನು ಮದುವೆಗೆ ಕರೆಯುತ್ತಿದ್ದೇವೆ, ನೀವೂ ನಿಮ್ಮ ಜೊತೆಗಾರರೂ... ಅಲ್ಲಿ ನಿಲ್ಲಿಸಿದಳು. ಒಬ್ಬನೇ ಬರುತ್ತೇನೆ, ಒಂದು ತಟ್ಟೆ ಕಡಿಮೆ ಹೇಳು ಎಂದು ಅವನು ಲಕೋಟೆ ತೆಗೆದುಕೊಂಡ. ದೇವರು ಒಳ್ಳೆಯದು ಮಾಡಲಿ, ಕರೆದದ್ದು ಸಂತೋಷ, ಬಂದೇ ಬರುತ್ತೇನೆ ಎಂದು ನೆಂಟ ಹೇಳಬೇಕಾದ್ದನ್ನು ಪೂರ್ತಿ ಹೇಳಿದ. ಆಮೇಲೆ ಎದೆಯ ಜೇಬಿನ ಪುಸ್ತಕದಿಂದ ಕೊನೆಯ ಹಾಳೆಯನ್ನು ಹರಿದು ಅವಳ ಕೈಯಲ್ಲಿಟ್ಟ.

"ತದೇವುಶ್‌ಗೆ ಕೊಡು. ಬೇಕಾದ್ರೆ ಇದ್ರಲ್ಲಿ ಒಂದೋ ಎರಡೋ ಮಾತು ತಗೊಳ್ಳಲಿ, ಬೇಡ ಅಂದ್ರೆ ಬಿಡಲಿ. ನಿಧಾನ ಹೇಳ್ಬೇಕು ಅಂತ ಹೇಳು. ಅವಸರ ಮಾಡಿದ್ರೆ ಗಂಟಲು ಕಟ್ಟತ್ತೆ."

ಅವಳು ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು. "ಬೇಜಾರಾ ಅಪ್ಪ?"

"ಬೇಜಾರೇ," ಎಂದ. "ಆದ್ರೂ ಬರ್ತೀನಿ."

ಅವಳು ಅವನ ಕೋಟಿನ ಎದೆಗೆ ಮುಖವಿಟ್ಟಳು. ಅವನ ಕೈ ಅವಳ ತಲೆಯವರೆಗೆ ಹೋಗಿ, ಅಲ್ಲಿಂದ ಇಳಿದು ಬೆನ್ನಿನ ಮೇಲೆ ಬಂತು. ಬಾಗಿಲು ಮುಚ್ಚುವ ಗಂಟೆ ಹೊಡೆಯುವವರೆಗೆ ಹಾಗೆಯೇ ಇದ್ದರು.

ಮನೆಗೆ ಹೋಗುವ ಟ್ರಾಮಿನಲ್ಲಿ ಕೂರಲು ಜಾಗ ಸಿಕ್ಕಿತು. ಲಕೋಟೆ ತೆರೆದು, ಪತ್ರಿಕೆಯನ್ನು ಕಣ್ಣಿನಿಂದ ದೂರ ಹಿಡಿದು ಓದಿದ. ಮೇಲೆ ಬೊಜೆನಾ ಮತ್ತು ತದೇವುಶ್ ಅವರ ಹೆಸರು, ನಡುವೆ ಮಗಳದು, ಕೊನೆಯಲ್ಲಿ ತನ್ನದು. ಪಕ್ಕದಲ್ಲಿ ಸಂತೆಚೀಲ ಹಿಡಿದು ಕೂತಿದ್ದ ಅಜ್ಜಿ ಬಗ್ಗಿ ನೋಡಿ, ಚೆಂದದ ಪತ್ರಿಕೆ, ಯಾರ ಮದುವೆ ಎಂದು ಕೇಳಿದಳು. ನನ್ನ ಮಗಳದು ಎಂದ. ಅಜ್ಜಿ ಲಕೋಟೆಯ ಮೇಲಿನ ಹೆಸರನ್ನು ನೋಡಿದಳು, ಅವನ ಮುಖ ನೋಡಿದಳು, ಮಗಳ ಮದುವೆಗೆ ಅಪ್ಪನಿಗೆ ಪತ್ರಿಕೆಯೇ ಎಂದು ಹುಬ್ಬು ಗಂಟಿಕ್ಕಿದಳು.

"ಹೌದು," ಎಂದ ಜೆನೊನ್. "ಇಲ್ಲೀತನಕ ಬಂದು, ಕೈಯಾರೆ ಕೊಟ್ಟು ಕರೆದು ಹೋದ್ಳು."